ಬೇಲಿಯಾಚೆಯ ಖಬರಸ್ತಾನ

ಕಿರ್ಗಿಜ್ ಲೇಖಕ ಚಿಂಗೀಜ್ ಐತ್ಮಾತೊವ್ ಅವರ ‘ಶತಮಾನಕ್ಕಿಂತ ದೀರ್ಘ ಈ ಹಗಲು’ ಎಂಬರ್ಥದ ಕಾದಂಬರಿ ಬಂದದ್ದು 1980ರಲ್ಲಿ. ರೈಲ್ವೆ ಕೂಲಿ ಎದಿಗೆಯ್ ಗೆಳೆಯನ ಮಯ್ಯತ್ತನ್ನು ಹಿರಿಯರ ಖಬರಸ್ತಾನಕ್ಕೆ ಒಯ್ಯುತ್ತಾನೆ. ಸುತ್ತ ರಾಕೆಟ್ ಕೇಂದ್ರದ ಮುಳ್ಳುತಂತಿ. ಕಾವಲಿನ ಅಧಿಕಾರಿಯೂ ಕಜಾಕನೇ, ಆದರೂ ‘ರಷ್ಯನ್‌ನಲ್ಲಿ ಮಾತಾಡು’ ಎನ್ನುತ್ತಾನೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಮುಳುಗಡೆ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರ ಜೊತೆ ಗೋರಿಗಳನ್ನೂ ಹಿನ್ನೀರಿಗೆ ಬಿಟ್ಟು ಬಂದವರು ಅವರು. (ಅನ್ಯಗ್ರಹದ ಉಪಕಥೆ ಮಾತ್ರ ನನಗೆ ಹಿಡಿಸಲಿಲ್ಲ.)

ಕಾದಂಬರಿಯೊಳಗಿನ ಐತಿಹ್ಯವೊಂದರಲ್ಲಿ ‘ಮಂಕುರ್ತ್’ ಬರುತ್ತಾನೆ. ಬೋಳಿಸಿದ ತಲೆಗೆ ಒಂಟೆಯ ಹಸಿ ಚರ್ಮ ಬಿಗಿದು ನೆನಪು ಕಸಿದ ಗುಲಾಮ. ಹೆತ್ತ ತಾಯಿಗೇ ಬಾಣ ಬಿಡುತ್ತಾನೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಮಧ್ಯ ಏಷ್ಯಾದಲ್ಲಿ ರಷ್ಯನ್ ಮಾತಾಡುವ ತಮ್ಮವರನ್ನೇ ಜರೆಯಲು ಈ ಹೆಸರು ಬಳಕೆಯಾಯಿತು. ಇದು ತಪ್ಪು ಓದು. ಐತ್ಮಾತೊವ್ ಈ ಕಾದಂಬರಿ ಬರೆದದ್ದೇ ರಷ್ಯನ್‌ನಲ್ಲಿ! ಎದಿಗೆಯ್ ಮಂಕುರ್ತ್ ಎಂದದ್ದು ಸತ್ತ ಗೆಳೆಯನ ಮಗನಿಗೆ. ಅಪ್ಪನ ಮಣ್ಣಿಗೆ ಬಂದೂ ಹೊರಡುವ ಅವಸರದಲ್ಲಿದ್ದವನಿಗೆ. ಭಾಷೆಯ ಕಾರಣಕ್ಕಲ್ಲ.

ಇಂಡಿ, ಸಿಂದಗಿಯ ನಮ್ಮ ಮನೆಗಳಲ್ಲಿ ಅಜ್ಜನ ಉರ್ದು ಪತ್ರ ಓದಲು ಬಾರದ ಕನ್ನಡ ಶಾಲೆಯ ಮೊಮ್ಮಗನನ್ನು ಹಿರಿಯರು ಹೀಗೇ ಹಂಗಿಸುತ್ತಾರೆ. ಆ ಪತ್ರವನ್ನು ಅವನ ಮುಂದೆ ಕುಳಿತು ಓದಿ ಹೇಳಿದವರೆಷ್ಟು ಮಂದಿ? ಎರಡೂ ಲಿಪಿ ಬಲ್ಲ ನಾನೂ ಹೇಳಿಲ್ಲ.