ತುಕ್ಕು ಬಿಡಿಸುವ ಕೈ

ಲಾರಿಗೆ ಲೀಫ್ ಸ್ಪ್ರಿಂಗ್ ಮಾಡಿದ ಕೆನರಾ ವರ್ಕ್‌ಶಾಪ್ಸ್‌ನ ಊರು ಮಂಗಳೂರು. ಹಂಚು ಹೊತ್ತು ಘಾಟಿ ಹತ್ತಿದ ಲಾರಿಗಳ ಊರೂ ಹೌದು. 1954ರಲ್ಲಿ ಕೈಜೋಡಿಸಿದ ಟಾಟಾ ಮತ್ತು ಬೆಂಝ್‌ನವರ ಹಳೆ ಲಾರಿಯ ಆರು ಸಿಲಿಂಡರಿನ ಡೀಸೆಲ್ ಎಂಜಿನ್ ಗಟ್ಟಿಮುಟ್ಟು ನಿಜ. ಆದರೆ ಈ ಕಡಲಗಾಳಿಯಲ್ಲಿ, ಇಲ್ಲಿನ ಮಳೆಗಾಲಗಳಲ್ಲಿ ಸುಮ್ಮನೆ ಬಿದ್ದಿದ್ದರೆ ಅದರ ಪಿಸ್ಟನ್ ರಿಂಗುಗಳೂ ತುಕ್ಕಿನಲ್ಲಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತವೆ. ಅವಸರಕ್ಕೆ ಸೆಲ್ಫ್ ಹೊಡೆದರೆ ರಿಂಗು ಮುರಿದೀತು.

ಬಲ್ಲ ಮೆಕ್ಯಾನಿಕ್ ಇಂಜೆಕ್ಟರ್ ಬಿಚ್ಚಿ, ಆ ತೂತಿನಿಂದ ಎಣ್ಣೆ ಹೊಯ್ದು, ದಿನಗಟ್ಟಲೆ ಕಾಯುತ್ತಾನೆ. ಆಮೇಲೆ ಪಾನಾ ಹಾಕಿ ಕ್ರ್ಯಾಂಕನ್ನು ಹಿಂದೆ ಮುಂದೆ ಕೂದಲೆಳೆಯಷ್ಟೇ ಅಲುಗಿಸುತ್ತಾನೆ. ಜೋರು ಮಾಡುವುದಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಅರಿತ ಆ ಕೈಯೇ ನನಗೆ ಹಳೆ ಲಾರಿಗಳಿಗೆ ಜೀವ ಕೊಡುವ ಈ ಕಸುಬಿನ ಸೊಗಸು.

ಎಂಜಿನ್ ಸಡಿಲವಾದ ಮೇಲೆ ಡೀಸೆಲ್ ಪಂಪು ಕ್ಯಾಲಿಬ್ರೇಶನ್‌ಗೆ ಹೋಗುತ್ತದೆ. ಸೀಲು, ಹೋಸುಗಳೆಲ್ಲ ಹೊಸತು. ಡೈನಮೋ ಇದ್ದಲ್ಲಿ ಆಲ್ಟರ್ನೇಟರ್ ಕೂರಿಸುವುದು ಜಾಣತನ: ಮಂಗಳೂರಿನ ಪಂಪ್‌ವೆಲ್‌ನ ಟ್ರಾಫಿಕ್ಕಿನಲ್ಲಿ ತೆವಳುವಾಗಲೂ ಬ್ಯಾಟರಿ ಚಾರ್ಜ್ ಆಗುತ್ತಿರುತ್ತದೆ. ಟರ್ಬೊ ಹಾಕುವ ಹುಚ್ಚು ಮಾತ್ರ ನನಗೆ ಹಿಡಿಸದು. ಆ ಗೇರ್‌ಬಾಕ್ಸು, ಹಿಂದಿನ ಆಕ್ಸಲ್ ಅಷ್ಟು ಬಲಕ್ಕೆಂದು ಮಾಡಿದ್ದಲ್ಲ. ಇನ್ನು ಡೀಸೆಲ್ ಪೈಪಿನ ಗಾಳಿ ತೆಗೆದು ಸ್ಟಾರ್ಟ್ ಮಾಡಿದಾಗ ಬರುವ ಬಿಳಿ ಹೊಗೆಗೆ ಹೆದರಬೇಕಿಲ್ಲ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಹೆಡ್ ಬಿಚ್ಚಬೇಕಾದೀತು.