ಬೆರಗೊಂದೇ ಸಾಲದು

ಚನ್ನರಾಯನದುರ್ಗದ ನೆಂಟರ ಮನೆಗೆ ಈಚೆಗೆ ಹೋಗಿದ್ದೆ. ಸಂಜೆ ಜಗಲಿಯ ಮೇಲೆ ಕುಳಿತಿದ್ದಾಗ, ಪಿ.ಯು.ಸಿ. ಓದುತ್ತಿರುವ ಆ ಮನೆಯ ಹುಡುಗ ಪತ್ರಿಕೆಯೊಂದನ್ನು ತಂದು ಮುಂದಿಟ್ಟ. ಬೆಳಕಿನಿಂದ ಕೆಲಸ ಮಾಡುವ ಚಿಪ್‌ಗಳನ್ನು ಕುರಿತ ಲೇಖನ ಅದರಲ್ಲಿತ್ತು.

“ಮಾವ, ಸಿಲಿಕಾನ್ ಚಿಪ್‌ನೊಳಗೆ ಲೇಸರ್ ಬೆಳಕನ್ನು ಹರಿಸುತ್ತಾರಂತೆ. ಆ ಬೆಳಕನ್ನು ಸಿಲಿಕಾನೇ ಯಾಕೆ ಕೊಡಬಾರದು?” ಎಂದ.

ಲೇಖನವನ್ನು ಎರಡು ಸಲ ಓದಿದೆ. ‘ಅದ್ಭುತ’ವೆಂಬ ಮಾತು ಏಳು ಕಡೆ ಇತ್ತು, ಹುಡುಗನ ಪ್ರಶ್ನೆಗೆ ಉತ್ತರ ಒಂದು ಕಡೆಯೂ ಇರಲಿಲ್ಲ.

ನಮ್ಮ ವಿಜ್ಞಾನ ಬರವಣಿಗೆಯ ದೊಡ್ಡ ಕೊರತೆ ಇದೇ. ವಾಚಕನನ್ನು ಬೆರಗುಗೊಳಿಸಿದರೆ ತಮ್ಮ ಹೊಣೆ ತೀರಿತೆಂದು ಅನೇಕ ಲೇಖಕರು ಭಾವಿಸಿದಂತಿದೆ. ಕನ್ನಡಕ್ಕೆ ಆ ಶಕ್ತಿ ಇಲ್ಲವೆಂಬ ನೆಪ ಸಲ್ಲದು. ಶಿವರಾಮ ಕಾರಂತರು 4 ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಬರೆದು ಆ ನೆಪವನ್ನು ಎಂದೋ ಅಳಿಸಿದ್ದಾರೆ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಅರೆವಾಹಕದಲ್ಲಿ ಮೇಲಿನ ಮಟ್ಟದ ಎಲೆಕ್ಟ್ರಾನು ಕೆಳಗಿನ ತೆರವಿಗೆ ಇಳಿಯುವಾಗ ಶಕ್ತಿಯನ್ನು ಬಿಟ್ಟುಕೊಡುತ್ತದೆ. ಗ್ಯಾಲಿಯಂ ಆರ್ಸೆನೈಡಿನಲ್ಲಿ ಅದು ನೆಟ್ಟಗೆ ಇಳಿಯಬಲ್ಲದು, ಶಕ್ತಿ ಬೆಳಕಾಗುತ್ತದೆ. 1962ರಲ್ಲಿ ಅಮೆರಿಕದಲ್ಲಿ ಮೊದಲ ಅರೆವಾಹಕ ಲೇಸರ್ ಬೆಳಗಿದ್ದು ಅದರಿಂದಲೇ. ಸಿಲಿಕಾನಿನಲ್ಲಾದರೋ, ಈ ದುರ್ಗದ ಕಾಲುದಾರಿಯಲ್ಲಿ ನಾವು ಇಳಿಯುವಂತೆ, ಪಕ್ಕಕ್ಕೆ ಸರಿದೇ ಇಳಿಯಬೇಕು. ಹಾಗೆ ಸರಿಯಲು ಹರಳಿನ ಕಂಪನದ ನೆರವು ಬೇಕು. ಅದು ಕೂಡಿಬರುವುದು ಅಪರೂಪ. ಶಕ್ತಿಯ ಬಹುಭಾಗ ಬಿಸಿಯಾಗಿ ಕಳೆದುಹೋಗುತ್ತದೆ. ಬೆಳಕನ್ನು ಚೆನ್ನಾಗಿ ಸಾಗಿಸಬಲ್ಲ ಸಿಲಿಕಾನು ಅದನ್ನು ಹುಟ್ಟಿಸುವುದರಲ್ಲಿ ದುರ್ಬಲ. ಆದ್ದರಿಂದಲೇ ಬೇರೆ ಅರೆವಾಹಕದ ಲೇಸರನ್ನು ಅದಕ್ಕೆ ಜೋಡಿಸುತ್ತಾರೆ.

ನಮಗೆ ಹತ್ತಿರದ ಸಂಗತಿಯೊಂದನ್ನೂ ಆ ಲೇಖಕರು ಬಿಟ್ಟಿದ್ದರು. 1933ರಲ್ಲಿ ಬೆಂಗಳೂರಿಗೆ ಬಂದು 1970ರಲ್ಲಿ ಅಲ್ಲೇ ಕಣ್ಣುಮುಚ್ಚಿದ ಸಿ. ವಿ. ರಾಮನ್ನರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡ ಪರಿಣಾಮವನ್ನೇ ಬಳಸಿ, 2004-05ರಲ್ಲಿ ಸಿಲಿಕಾನಿನಿಂದಲೂ ಲೇಸರನ್ನು ಪಡೆದರು. ಆಗಲೂ ಹೊರಗಿನಿಂದ ಇನ್ನೊಂದು ಲೇಸರಿನ ಬೆಳಕನ್ನು ಅದಕ್ಕೆ ಉಣಿಸಬೇಕಾಯಿತು. ಗೆಲುವು, ಅದರ ಮಿತಿ ಎರಡನ್ನೂ ಹೇಳಿದ್ದರೆ ಲೇಖನಕ್ಕೆ ತೂಕ ಬರುತ್ತಿತ್ತು.

ಕ್ವಾಂಟಂ ವಿದ್ಯೆಗಾಗಿ ಭಾರತ ಸರ್ಕಾರ 2023ರಲ್ಲಿ 6,000 ಕೋಟಿ ರೂಪಾಯಿಗೂ ಮಿಕ್ಕ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಂದೊಂದೇ ಬೆಳಕಿನ ಕಣವನ್ನು ಚಿಪ್‌ನೊಳಗೆ ನಡೆಸುವುದೂ ಆ ವಿದ್ಯೆಯ ಭಾಗ. ನಾಳೆ ಅದರಲ್ಲಿ ದುಡಿಯಬೇಕಾದವರು ಇಂಥ ಊರುಗಳ ಹುಡುಗರೇ. ಅವರ ‘ಯಾಕೆ’ಗೆ ಅವರ ಭಾಷೆಯಲ್ಲಿ ಉತ್ತರ ದೊರೆಯದಿದ್ದರೆ, ಆ ಬಾಗಿಲನ್ನು ಮುಚ್ಚಿದವರು ನಾವೇ ಆಗುತ್ತೇವೆ.

ಎಲ್ಲವನ್ನೂ ಕೇಳಿದ ಹುಡುಗ, “ಇಷ್ಟನ್ನು ಅವರೇ ಬರೆಯಬಹುದಿತ್ತಲ್ಲ, ಮಾವ” ಎಂದ.

ನನ್ನ ವಿಮರ್ಶೆಯೂ ಅಷ್ಟೇ.