ಸೂಡಿಯ ಬೆಳಕು

ಬೆಂಗಳೂರಿನ ಜೆ.ಪಿ. ನಗರ, ಬಿಟಿಎಂ ಲೇಔಟ್ ಸೇರಿದ ನಮ್ಮಂಥ ಕುಂದಾಪುರ ಕಡೆಯವರಿಗೆ ಜೂನ್ ತಿಂಗಳ ಮೊದಲ ಮಳೆ ಎಂದರೆ ಹತ್ತುಮೀನು, ಹತ್ತುಮೀನೆಂದರೆ ಸೂಡಿ. ತೆಂಗಿನ ಒಣಗರಿಗಳನ್ನು ಸೇರಿಸಿ ಕಟ್ಟಿದ ದೊಂದಿ ಅದು. ಕಟ್ಟುವುದರಲ್ಲೇ ಕೈಚಳಕವಿದೆ. ಸಡಿಲವಾದರೆ ಗದ್ದೆ ಮುಟ್ಟುವುದರೊಳಗೆ ಉರಿದು ಮುಗಿಯುತ್ತದೆ. ತೀರಾ ಬಿಗಿಯಾದರೆ ಗಾಳಿಯಾಡದೆ ಬರೀ ಹೊಗೆ. ಹದವಾಗಿ ಕಟ್ಟಿದ ಸೂಡಿ ಬೀಸಿದಾಗ ಭಗ್ಗನೆ ಹೊತ್ತಿಕೊಂಡು, ಇಳಿಸಿದಾಗ ಕೆಂಡವಾಗಿ ಕಾಯುತ್ತದೆ.

ಮೊಟ್ಟೆಯಿಡಲು ತೋಡಿನಿಂದ ಗದ್ದೆಗೆ ಹತ್ತುವ ಮುಗುಡಿನಂಥ ಮೀನೇ ಹತ್ತುಮೀನು. ಅದು ಸೂಡಿಯ ಬೆಳಕಿಗೆ ಒಂದು ಗಳಿಗೆ ನಿಲ್ಲುತ್ತದೆ. ಅಷ್ಟರಲ್ಲಿ ಕತ್ತಿ ಬೀಳಬೇಕು. ಕೆಂಪು ಬೆಳಕು ನೀರಿನಲ್ಲಿ ಬಹಳ ಆಳಕ್ಕೆ ಹೋಗದು. ಗೇಣು ನೀರಿಗೆ ಅಷ್ಟು ಸಾಕು. ಅಮೆರಿಕ, ಕೆನಡಾಗಳಲ್ಲಿ ಮೀನು ಹಿಡಿಯಲು ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು ಇಳಿಬಿಡುವ ದೀಪ ಹೆಚ್ಚಾಗಿ ಹಸಿರು. ಹಸಿರು ಆಳಕ್ಕಿಳಿಯುತ್ತದೆ, ಅದರ ಸುತ್ತ ಸೂಕ್ಷ್ಮಜೀವಿಗಳು, ಅವನ್ನು ತಿನ್ನಲು ಸಣ್ಣ ಮೀನು, ಅದರ ಬೆನ್ನಿಗೆ ದೊಡ್ಡದು.

ಬೆಳಕಿನಿಂದ ಮೀನು ಸೆಳೆಯುವ ಉಪಾಯ ನಮ್ಮ ಕರಾವಳಿಗೂ ಬಂತು. ದೋಣಿಯಲ್ಲಿ ಜನರೇಟರ್, ಪ್ರಖರ ಎಲ್‌ಇಡಿ ದೀಪ, ಬಲೆಯಲ್ಲಿ ಮರಿಮೀನುಗಳ ರಾಶಿ. ಇಂಥ ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದ್ದು ಸರಿಯಾದ ಕೆಲಸ. ಸೂಡಿಗೆ ಸಿಗುವುದು ಒಂದು ಮನೆಯ ಸಾರಿಗೆ ಸಾಕಾಗುವಷ್ಟು ಮೀನು. ಅದರ ದೊಡ್ಡ ಗುಣವೇ ಅದು.

ಈ ಮಳೆಗಾಲ ಊರಿಗೆ ಹೋದರೆ ಹಿರಿಯರ ಹತ್ತಿರ ಕೂತು ಸೂಡಿ ಕಟ್ಟುವುದನ್ನು ಕಲಿಯಿರಿ. ಮೊಟ್ಟೆ ತುಂಬಿದ ಮೀನು ಕಂಡರೆ ಹತ್ತಲು ಬಿಡಿ.